ಬಿನ್ನವತ್ತಳೆಯಲ್ಲಿ ಒಂದು ಪದ ಹೆಚ್ಚಾಗಿದೆ

ಸಭೆಯ ಅಧ್ಯಕ್ಷರಾದ ಡಾಕ್ಟರ್ ರಾಜಶೇಖರ ಅವರೇ, ನನ್ನ ಬಿನ್ನವತ್ತಳೆಯನ್ನು ಈಗಷ್ಟೇ ನನಗೇ ಗುರುತು ಸಿಗದ ಹಾಗೆ ಓದಿದ ಕಾರ್ಯದರ್ಶಿ ಜಯಪ್ರಕಾಶ ಅವರೇ, ಎಜ್‌ಬಾಸ್ಟನ್ನಿನಿಂದ, ಮ್ಯಾಕಲ್ಸ್‌ಫೀಲ್ಡಿನಿಂದ, ಲೀಡ್ಸಿನಿಂದ ಮೋಟರ್‌ವೇ ರಿಪೇರಿಗಳನ್ನೆಲ್ಲ ದಾಟಿ ಕೊವೆಂಟ್ರಿಗೆ ಬಂದು, ಬಿಸಿಬೇಳೆಬಾತಿನ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ, ಮುಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ನನ್ನ ಶ್ರೀಮತಿ ವಾಸಂತಿಯವರೇ, ಎಲ್ಲರಿಗೂ ದಸರೆಯ ಶುಭಾಶಯಗಳು.

ಶಾಲು ಹೊದಿಸಿದ್ದೀರಿ. ಈ ಸಭಾಂಗಣದ ಹೀಟರು ಕೆಟ್ಟಿರುವುದರಿಂದ ಅದು ನಿಜವಾಗಿಯೂ ಉಪಯೋಗಕ್ಕೆ ಬಂತು. ಮೈಸೂರು ಪೇಟ ತೊಡಿಸಿದ್ದೀರಿ. ಅದು ಕಿವಿಯ ತನಕ ಇಳಿದಿದೆ, ಚಪ್ಪಾಳೆ ಸರಿಯಾಗಿ ಕೇಳಿಸಲಿಲ್ಲ. ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ನನಗೆ ಸಕ್ಕರೆ ಕಾಯಿಲೆ, ಆದರೂ ಕೊಟ್ಟಿದ್ದೀರಿ. ಎಲ್ಲವನ್ನೂ ಸಂತೋಷದಿಂದ ಸ್ವೀಕರಿಸಿದ್ದೇನೆ. ಬಿನ್ನವತ್ತಳೆಯಲ್ಲಿ ಒಂದೇ ಒಂದು ಪದವನ್ನು ಮಾತ್ರ ಸ್ವೀಕರಿಸಲಾರೆ. ಅದನ್ನು ಹೇಳಲಿಕ್ಕೆ ನನಗೆ ಹತ್ತು ನಿಮಿಷ ಬೇಕು.

ಜಯಪ್ರಕಾಶ ಓದಿದ್ದು ನೆನಪಿದೆಯೇ? "ಮಕ್ಕಳ ಮೇಲಿನ ಮಮತೆಯಿಂದ ತಮ್ಮ ಪಿಸ್ತೂಲನ್ನು ಸ್ವಇಚ್ಛೆಯಿಂದ ಪೊಲೀಸರಿಗೆ ಒಪ್ಪಿಸಿದ ಧೀಮಂತರು." ಧೀಮಂತ ಎನ್ನುವುದನ್ನು ಇಟ್ಟುಕೊಳ್ಳುತ್ತೇನೆ, ಈ ವಯಸ್ಸಿನಲ್ಲಿ ಯಾರು ಬೇಡವೆನ್ನುತ್ತಾರೆ? ಸ್ವಇಚ್ಛೆಯಿಂದ ಎನ್ನುವುದು ಸುಳ್ಳು. ಜಯಪ್ರಕಾಶರದ್ದು ತಪ್ಪಲ್ಲ. ಹದಿಮೂರು ವರ್ಷದ ಹಿಂದೆ ಸಂಘದ ಪತ್ರಿಕೆಯವರು ಸಂದರ್ಶನಕ್ಕೆ ಬಂದಾಗ ಹಾಗೆಂದು ಹೇಳಿದವನು ನಾನೇ. ಪಕ್ಕದಲ್ಲಿ ಕುಳಿತು ಕಾಫಿ ಕೊಟ್ಟ ವಾಸಂತಿ ಆಗ ಚಮಚವನ್ನು ಸ್ವಲ್ಪ ಜೋರಾಗಿ ಇಟ್ಟಳು.

ಈ ಮುದುಕನ ಹಳೆಯ ಸುಳ್ಳು ಇವತ್ತೇಕೆ ಎಂದು ಕೇಳುತ್ತೀರಿ. ಜಯಪ್ರಕಾಶರು ಬಿನ್ನವತ್ತಳೆಯನ್ನು ಹೋದ ವಾರವೇ ಸಂಘದ ಫೇಸ್‌ಬುಕ್ಕಿಗೆ ಹಾಕಿದರು. ಅದನ್ನು ಅಮೆರಿಕದಲ್ಲಿರುವ ನನ್ನ ಮೊಮ್ಮಗಳು ಕೃತಿ, ಮಗಳು ಮಾಳವಿಕಾಳ ಮಗಳು, ಅಮ್ಮನ ಕೈಲಿ ಓದಿಸಿಕೊಂಡಳು. ಬರುವ ಮಂಗಳವಾರ ಕೃತಿ ಆ ರಾಜ್ಯದ ಶಾಸನಸಭೆಯ ಸಮಿತಿಯೊಂದರ ಮುಂದೆ ನಿಂತು ಎರಡು ನಿಮಿಷ ಮಾತನಾಡಬೇಕು. ಯಾವ ರಾಜ್ಯ ಎಂದು ಹೇಳುವುದಿಲ್ಲ, ಹುಡುಗಿ ಇನ್ನೂ ಅಲ್ಲೇ ಓದಬೇಕು. ಆ ಎರಡು ನಿಮಿಷದೊಳಗೆ ನನ್ನನ್ನೂ ನನ್ನ ಸ್ವಇಚ್ಛೆಯನ್ನೂ ಅವಳು ಸೇರಿಸಿಬಿಟ್ಟಿದ್ದಳು. ಬರೆದದ್ದನ್ನು ಗುರುವಾರ ನನಗೆ ಕಳಿಸಿದಳು. ಓದಿದೆ. ಆಮೇಲೆ ವಾಸಂತಿಯ ಮುಖ ನೋಡಿದೆ. ಅವಳು ಹೇಳಿದಳು, "ಈಗ್ಲಾದ್ರೂ ಬಾಯಿ ಬಿಡ್ತೀರೋ, ಇಲ್ಲ ಮೊಮ್ಮಗಳ ಕೈಲೂ ಸುಳ್ಳು ಹೇಳಿಸ್ತೀರೋ?"

ಆದ್ದರಿಂದ, ಸಭಿಕರೇ, ಬಾಯಿ ಬಿಡುತ್ತಿದ್ದೇನೆ.

ನಾನು ವಿರಾಜಪೇಟೆ ಕಡೆಯವನು. ಓದಿದ್ದು ಎಂಟನೇ ಕ್ಲಾಸು. ಅರವತ್ತೊಂಬತ್ತನೇ ಇಸವಿಯಲ್ಲಿ ಇಲ್ಲಿಗೆ ಬಂದು ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಇಂಗ್ಲಿಷ್ ಕಲಿತದ್ದು ಲೈಬ್ರರಿಯ ಪೇಪರಿನಿಂದ, ಕನ್ನಡ ಬರೆಯಲು ಕಲಿತದ್ದು ಊರಿನ ಅಕ್ಕನಿಗೆ ಕಾಗದ ಬರೆದು ಬರೆದು. ನಮ್ಮ ಕೊಡವರಲ್ಲಿ ತೋಕ್ ಎಂದರೆ, ಕೋವಿ ಎಂದರೆ, ಮನೆಯ ಹಿರಿಯನಿದ್ದ ಹಾಗೆ. ವರ್ಷಕ್ಕೊಮ್ಮೆ ಹೂ ಮುಡಿಸಿ ಪೂಜೆ ಮಾಡುತ್ತೇವೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಆ ಸಂಪ್ರದಾಯದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ, ಅದನ್ನು ಹೀಗಳೆಯಲು ನಾನು ಇಲ್ಲಿ ನಿಂತಿಲ್ಲ.

ಆದರೆ ಎಂಬತ್ತಮೂರರಲ್ಲಿ ನಾನು ಕೊಂಡದ್ದು ಅಂಥ ತೋಕನ್ನಲ್ಲ. ಕಾರ್ಖಾನೆಯ ಗೆಳೆಯರ ಜೊತೆ ಶೂಟಿಂಗ್ ಕ್ಲಬ್ಬಿಗೆ ಸೇರಿ, ಕಾಗದದ ವೃತ್ತಕ್ಕೆ ಹೊಡೆಯಲೆಂದು ಕೊಂಡ ಒಂದು ಪಿಸ್ತೂಲು. ಆಗ ಅದಕ್ಕೆ ಸರ್ಟಿಫಿಕೇಟು, ಅಂದರೆ ಲೈಸೆನ್ಸು, ಸಿಗುತ್ತಿತ್ತು. ಗೋಡೆಗೆ ಕಬ್ಬಿಣದ ಪೆಟ್ಟಿಗೆ ಬಿಗಿದು, ಬೀಗ ಹಾಕಿ, ಪೊಲೀಸರಿಗೆ ತೋರಿಸಬೇಕಿತ್ತು. ನಾನು ಮಾಡಿದ ಜಾಣತನವೇನೆಂದರೆ, ಆ ಅಂಗಡಿಯ ಪಿಸ್ತೂಲಿಗೆ ನಮ್ಮಜ್ಜನ ತೋಕಿನ ಮರ್ಯಾದೆಯನ್ನೆಲ್ಲ ವರ್ಗ ಮಾಡಿದ್ದು. ಆಯುಧಪೂಜೆಗೆ ಅದಕ್ಕೆ ಅರಿಶಿನ, ಕುಂಕುಮ, ಟೆಸ್ಕೊದಿಂದ ತಂದ ಚೆಂಡುಹೂವು. ಪೊಲೀಸಿನವರು ತಪಾಸಣೆಗೆ ಬಂದಾಗಲೆಲ್ಲ ಪೆಟ್ಟಿಗೆಯೊಳಗೆ ಬಾಡಿದ ಹೂವು ನೋಡಿ ಏನೂ ಕೇಳದೆ ಹೋಗುತ್ತಿದ್ದರು. ಇಂಗ್ಲಿಷರಲ್ಲಿ ಅದೊಂದು ಒಳ್ಳೆಯ ಗುಣ.

ತೊಂಬತ್ತಾರರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನಿನಲ್ಲಿ ಆದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಶಾಲೆಯ ಜಿಮ್ಮಿನಲ್ಲಿ ಹದಿನಾರು ಮಕ್ಕಳು, ಅವರ ಟೀಚರು. ಐದು ವರ್ಷ, ಆರು ವರ್ಷದ ಮಕ್ಕಳು. ಕೊಂದವನ ಕೈಯಲ್ಲಿದ್ದ ಪಿಸ್ತೂಲುಗಳಿಗೂ ನನ್ನದಕ್ಕಿದ್ದಂಥದೇ ಸರ್ಟಿಫಿಕೇಟು ಇತ್ತು. ವಾಸಂತಿ ಆಗ ಇಲ್ಲೇ ಒಂದು ಇನ್‌ಫಂಟ್ ಶಾಲೆಯಲ್ಲಿ ಡಿನ್ನರ್ ಲೇಡಿ, ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ. ಮರುದಿನ ಮನೆಗೆ ಬಂದವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತಿದ್ದಳು. "ಆ ವಯಸ್ಸಿನ ಮಕ್ಕಳಿಗೆ ಬಟಾಣಿ ಬೇಡ ಅಂತ ತಟ್ಟೆ ಅಂಚಿಗೆ ತಳ್ಳೋಕಷ್ಟೇ ಗೊತ್ತುರೀ" ಎಂದಳು. ಅಷ್ಟೇ.

ನಾನು ಏನೆಂದೆ? ಕೇಳಿ. "ಒಬ್ಬ ಹುಚ್ಚ ಮಾಡಿದ್ದಕ್ಕೆ ನಮ್ಮನ್ನೆಲ್ಲ ಯಾಕೆ ಬೈಬೇಕು?" ಎಂದೆ. ಇವತ್ತು ಅಮೆರಿಕದ ದೊಡ್ಡ ಮನುಷ್ಯರು ಟಿವಿಯಲ್ಲಿ ಹೇಳುವ ಮಾತನ್ನು ನಾನು ಇಪ್ಪತ್ತೊಂಬತ್ತು ವರ್ಷದ ಹಿಂದೆ ಕೊವೆಂಟ್ರಿಯ ಅಡುಗೆಮನೆಯಲ್ಲಿ ಹೇಳಿದ್ದೇನೆ.

ಆಮೇಲೆ ದೇಶವೆಲ್ಲ ಸಿಟ್ಟಿಗೆದ್ದಿತು. ಆ ಊರಿನ ತಾಯಂದಿರು ಕೈಪಿಸ್ತೂಲು ಬೇಡವೆಂದು ಅರ್ಜಿ ಹೊರಡಿಸಿದರು, ಲಕ್ಷಗಟ್ಟಲೆ ಸಹಿ ಬಿತ್ತು. ವಾಸಂತಿ ಅದರ ಹಾಳೆಗಳನ್ನು ಯುಗಾದಿ ಊಟಕ್ಕೆ ತಂದು, ಹೋಳಿಗೆ ಬಡಿಸುತ್ತ ಬಡಿಸುತ್ತ ಸಹಿ ಹಾಕಿಸಿದಳು. ಸಹಿ ಹಾಕದವರಿಗೆ ತುಪ್ಪ ಬೀಳಲಿಲ್ಲ. ಅದೇ ವಾರ ನಾನು ಕ್ಲಬ್ಬಿನವರ ವಿರೋಧಪತ್ರಕ್ಕೆ ಸಹಿ ಹಾಕಿ, ಎಂಪಿಗೂ ಮೂರು ಪುಟ ಬರೆದೆ. ಒಂದೇ ಊಟದ ಮೇಜು, ಆ ತುದಿಯಲ್ಲಿ ಅವಳ ಅರ್ಜಿ, ಈ ತುದಿಯಲ್ಲಿ ನನ್ನದು. ನನ್ನದರಲ್ಲಿ ಸ್ಪೆಲ್ಲಿಂಗ್ ತಿದ್ದಿಕೊಟ್ಟವಳೂ ಅವಳೇ. "ತಪ್ಪು ವಿಷಯ ಬರೆದ್ರೂ ಸರಿಯಾಗಿ ಬರೀರಿ" ಎಂದಳು.

ಆ ವರ್ಷದ ಆಯುಧಪೂಜೆ ಬಂತು. ನಾನು ಪಿಸ್ತೂಲನ್ನು ತಂದು ಪೀಠದ ಮೇಲೆ ಇಡಲು ಹೋದರೆ ಅಲ್ಲಿ ಜಾಗವಿರಲಿಲ್ಲ. ಶಾಲೆಯಿಂದ ಕೇಳಿ ತಂದ ಒಂದು ಉದ್ದ ಸೌಟು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮಲಗಿತ್ತು. "ಇದೇನೇ?" ಎಂದೆ. "ನನ್ನ ಆಯುಧ. ಇದ್ರಲ್ಲಿ ದಿನಾ ನೂರಿಪ್ಪತ್ತು ಮಕ್ಕಳ ಹೊಟ್ಟೆ ತುಂಬುತ್ತೆ. ನಿಮ್ದು ಏನ್ ಮಾಡುತ್ತೆ?" ಎಂದಳು. ಕುಂಕುಮದ ಬಟ್ಟಲನ್ನು ಕೈಗೆ ಕೊಡಲಿಲ್ಲವಾದ್ದರಿಂದ ಬೆರಳು ಅದ್ದಿ ಪಿಸ್ತೂಲಿಗೆ ಕದ್ದು ಹಚ್ಚಿದೆ. ಈ ಕುಂಕುಮ ಮುಂದೆ ನನ್ನನ್ನು ಹಿಡಿದುಹಾಕುತ್ತದೆ.

ತೊಂಬತ್ತೇಳರಲ್ಲಿ ಕಾನೂನು ಬಂತು. ಸೆಪ್ಟೆಂಬರ್ ಮೂವತ್ತರೊಳಗೆ ಎಲ್ಲರೂ ಒಪ್ಪಿಸಬೇಕು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಕ್ಲಬ್ಬಿನ ಗೆಳೆಯರು ಬೈದುಕೊಂಡೇ ಒಬ್ಬೊಬ್ಬರಾಗಿ ಕೊಟ್ಟು ಬಂದರು. ನಾನು ಕೊಡಲಿಲ್ಲ. ಈಗ ಹೇಳುವುದು ವಾಸಂತಿಯ ಹೊರತು ಈ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಯ ದಿನ, ಬೆಳಗಿನ ಶಿಫ್ಟು ಮುಗಿಸಿ, ನಾನು ಪಿಸ್ತೂಲನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಕೌನ್ಸಿಲಿನವರು ತರಕಾರಿ ಬೆಳೆಯಲು ಬಾಡಿಗೆಗೆ ಕೊಟ್ಟ ನಮ್ಮ ಅಲಾಟ್‌ಮೆಂಟಿಗೆ ಹೋದೆ. ಆಲೂಗಡ್ಡೆ ಪಾತಿಯಲ್ಲಿ ಗುಂಡಿ ತೋಡಲು ಶುರುಮಾಡಿದೆ.

ಹೌದು. ನಿಮ್ಮ ಧೀಮಂತರು ಗುಂಡಿ ತೋಡುತ್ತಿದ್ದರು.

ಮೊಣಕಾಲಿನಷ್ಟು ಆಳವಾಗಿತ್ತು. ತಲೆ ಎತ್ತಿದರೆ ಚಹಾದ ಫ್ಲಾಸ್ಕ್ ಹಿಡಿದು ವಾಸಂತಿ ನಿಂತಿದ್ದಾಳೆ. ಗುಂಡಿ ನೋಡಿದಳು. ಎಣ್ಣೆಬಟ್ಟೆಯ ಗಂಟು ನೋಡಿದಳು. "ಆಲೂಗಡ್ಡೆಗೆ ಇಷ್ಟು ಆಳ ಬೇಡ ಅಲ್ವಾ?" ಎಂದಳು. "ಸರ್ಟಿಫಿಕೇಟಲ್ಲಿ ನಂಬರಿದೆ. ನಾಳೆ ಪೊಲೀಸ್ರು ಬಂದು ಎಲ್ಲಿ ಅಂತ ಕೇಳ್ತಾರೆ. ಏನಂತೀರಿ, ಮೊಳಕೆ ಬಂದಿಲ್ಲ ಅಂತೀರಾ?"

ಸಭಿಕರೇ, ಆ ಕ್ಷಣದಲ್ಲಿ ನನ್ನ ಮನಸ್ಸು ಪರಿವರ್ತನೆಯಾಯಿತು ಎಂದು ಹೇಳಲು ನನಗೂ ಆಸೆ. ಆಗಲಿಲ್ಲ. ಆ ಹದಿನಾರು ಮಕ್ಕಳ ನೆನಪು ಬಂತೇ? ಬರಲಿಲ್ಲ. ಬಂದದ್ದು ಪಟ್ಟಿಯಲ್ಲಿದ್ದ ನನ್ನ ಹೆಸರಿನ ನೆನಪು, ಜೈಲಿನ ಭಯ, ಹೆಂಡತಿಯ ಭಯ. ಮೂರನೆಯದು ಮೊದಲು. ಬೂಟಿನ ಮಣ್ಣನ್ನೂ ಕೊಡವದೆ ಅವಳ ಹಿಂದೆ ಪೊಲೀಸ್ ಸ್ಟೇಷನ್ನಿಗೆ ನಡೆದೆ.

ಕೌಂಟರಿನಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಪೊಲೀಸು. ಗಂಟು ಬಿಚ್ಚಿದವಳು ಕೈ ಹಿಂದೆಗೆದುಕೊಂಡಳು. ಹಿಡಿಯ ಗೆರೆಗಳಲ್ಲೆಲ್ಲ ಕೆಂಪಗೆ ಕಲೆ. "ಸರ್, ಇದು ಏನು?" ಎಂದು ಬಹಳ ಮೆತ್ತಗೆ ಕೇಳಿದಳು, ಮೇಲಧಿಕಾರಿಯನ್ನು ಕರೆದಳು. ನನಗೆ ಇಂಗ್ಲಿಷೆಲ್ಲ ಮರೆತುಹೋಯಿತು, "ಕುಂಕುಮ, ಕುಂಕುಮ" ಎನ್ನುತ್ತಿದ್ದೇನೆ, ಅವರು ಅದೊಂದು ಹೆಣ್ಣಿನ ಹೆಸರು ಎಂದುಕೊಂಡು ಎಲ್ಲಿದ್ದಾಳೆ ಎಂದು ಕೇಳುತ್ತಿದ್ದಾರೆ! ಕೊನೆಗೆ ವಾಸಂತಿ ತನ್ನ ಹಣೆಯ ಮೇಲೆ ಬೆರಳಿಟ್ಟು ತೋರಿಸಿದಳು. ಆ ಹುಡುಗಿ ಉಸಿರು ಬಿಟ್ಟು, ನಮೂನೆಯಲ್ಲಿ "ಸ್ಥಿತಿ" ಎಂಬಲ್ಲಿ "ಚೆನ್ನಾಗಿದೆ, ದೇವರ ಪುಡಿ ಅಂಟಿದೆ" ಎಂದು ಬರೆದಳು.

ಹೊರಗೆ ಬಂದೆವು. ಒಂದು ವರ್ಷ ನನಗೆ ಸಿಟ್ಟಿತ್ತು. ಆಮೇಲೆ ಯಾವಾಗಲೋ ಒಂದು ಬುಧವಾರ ವಾಸಂತಿಯನ್ನು ಕರೆತರಲು ಶಾಲೆಯ ಗೇಟಿನಲ್ಲಿ ನಿಂತಿದ್ದಾಗ ನನಗೆ ಗೊತ್ತಾಯಿತು, ಸಿಟ್ಟು ಇಲ್ಲ. ಯಾವತ್ತು ಹೋಯಿತೋ ತಿಳಿಯಲಿಲ್ಲ. ಅಂದಿನಿಂದ ಈ ದೇಶದ ಯಾವ ಶಾಲೆಯಲ್ಲೂ ಅಂಥದ್ದು ಆಗಿಲ್ಲ. ಇಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತಿಲ್ಲ, ಈ ಊರುಗಳಲ್ಲಿ ಹುಡುಗರ ಚಾಕು ಇರಿತದ ಕಥೆ ನಿಮಗೆ ಗೊತ್ತು. ಆದರೂ ನಿಮ್ಮ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು ಬರುವಾಗ ನೀವು ಯೋಚಿಸುವುದು ಪಾರ್ಕಿಂಗಿನ ಬಗ್ಗೆ. ಅದು ಎಷ್ಟು ದೊಡ್ಡ ಭಾಗ್ಯ ಎಂದು ಮಾಳವಿಕಾಳನ್ನು ಕೇಳಿ.

ಹೋದ ವರ್ಷ ಕೃತಿಯ ಶಾಲೆಗೆ ಒಬ್ಬ ಹುಡುಗ ತನ್ನ ಮನೆಯ ಮೇಜಿನ ಖಾನೆಯಿಂದ ಪಿಸ್ತೂಲು ತೆಗೆದುಕೊಂಡು ಬಂದ. ಬೀಗವಿಲ್ಲದ ಖಾನೆ. ಕೃತಿ ಸಂಗೀತದ ಕೋಣೆಯ ದೊಡ್ಡ ಕಪಾಟಿನಲ್ಲಿ ಇನ್ನೂ ಏಳು ಮಕ್ಕಳ ಜೊತೆ ಐವತ್ತು ನಿಮಿಷ ಕುಳಿತಿದ್ದಳು. ಅವಳು ಮನೆಗೆ ಬಂದಳು. ಇಬ್ಬರು ಬರಲಿಲ್ಲ. ರಾಜಕಾರಣಿಗಳು ಬಂದರು, ಹೂವಿಟ್ಟರು, ನಮ್ಮ ಪ್ರಾರ್ಥನೆ ನಿಮ್ಮೊಂದಿಗಿದೆ ಎಂದರು. ಮಕ್ಕಳು ಕೇಳಿದ್ದು ಪ್ರಾರ್ಥನೆಯನ್ನಲ್ಲ, ಬೀಗವನ್ನು. ಮನೆಯಲ್ಲಿ ಕೋವಿಯಿದ್ದರೆ ಬೀಗ ಹಾಕಿಡಿ ಎಂದು ಒಂದು ಕಾನೂನು, ಅಷ್ಟೇ. ಎರಡು ಸಲ ಮಸೂದೆ ಬಂತು. ಎರಡು ಸಲವೂ ಸಮಿತಿ ಅದನ್ನು ಚರ್ಚೆಗೇ ಎತ್ತಿಕೊಳ್ಳಲಿಲ್ಲ. ನನ್ನ ಟೂಲ್‌ರೂಮಿನಲ್ಲಿ ಡ್ರಿಲ್ ಬಿಟ್ಟುಗಳಿಗೂ ಬೀಗವಿತ್ತು, ಸ್ವಾಮಿ! ಇದಕ್ಕೆ ಸಿಟ್ಟು ಬರಬೇಡವೇ? ಈ ವಯಸ್ಸಿನಲ್ಲಿ ನನಗೆ ಸಿಟ್ಟು ಬರಬಾರದೆಂದು ನಮ್ಮ ಜಿಪಿ ಡಾಕ್ಟರು ಹೇಳಿದ್ದಾರೆ. ಬರುತ್ತದೆ.

ಈ ಶುಕ್ರವಾರ ಮಧ್ಯಾಹ್ನ ಕೃತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ವಿರೋಧಪತ್ರ, ಗುಂಡಿ, ಎಣ್ಣೆಬಟ್ಟೆ, ಕುಂಕುಮ. ನಿನ್ನ ಭಾಷಣದಿಂದ ನನ್ನನ್ನು ತೆಗೆದುಬಿಡು ಮಗಳೇ, ನಾನು ಅದಕ್ಕೆ ಯೋಗ್ಯನಲ್ಲ ಎಂದೆ. ಮೊಮ್ಮಗಳ ಗೌರವ ಕಳೆದುಕೊಂಡೆ ಎಂದುಕೊಂಡು ಕುರ್ಚಿಯ ಕೈ ಹಿಡಿದುಕೊಂಡೆ. ಆಮೇಲೆ ನೋಡಿದರೆ ನಗುತ್ತಿದ್ದಾಳೆ.

"ಅಜ್ಜ, ಇದು ಇನ್ನೂ ಬೆಟರ್! ಗುಡ್ ಪೀಪಲ್ ತಾವೇ ಕೊಡ್ತಾರೆ ಅಂದ್ರೆ ಆ ಕಮಿಟಿಯೋರು ಏನಂತಾರೆ ಗೊತ್ತಾ? ಸೋ ಸ್ವೀಟ್, ಹಾಗಾದ್ರೆ ಕಾನೂನು ಯಾಕೆ ಅಂತಾರೆ. ನೀವು ಗುಡ್ ಇರ್ಲಿಲ್ಲ. ಲಾ ಇತ್ತು, ಅದಕ್ಕೇ ಕೊಟ್ರಿ. ನೀವೇ ನನ್ನ ಬೆಸ್ಟ್ ಪಾಯಿಂಟ್. ಅಜ್ಜಿ ಸೆಕೆಂಡ್."

"ಅಜ್ಜಿ ಫಸ್ಟು" ಎಂದು ಹಿಂದಿನಿಂದ ವಾಸಂತಿ ಕೂಗಿದಳು.

ಜಯಪ್ರಕಾಶ ಅವರೇ, ನನ್ನ ಬಿನ್ನವತ್ತಳೆಯಲ್ಲಿ ಸ್ವಇಚ್ಛೆಯಿಂದ ಎನ್ನುವುದನ್ನು ಹೊಡೆದುಹಾಕಿ, "ಕಾನೂನಿಗೆ ಹೆದರಿ" ಎಂದು ಬರೆಯಿರಿ. ಚೌಕಟ್ಟು ಬಿಚ್ಚಬೇಕಾದರೆ ನಾನೇ ಬಿಚ್ಚಿಕೊಡುತ್ತೇನೆ, ಕೈಕೆಲಸ ಮರೆತಿಲ್ಲ. ಅದರಲ್ಲಿ ನನಗೆ ನಾಚಿಕೆಯಿಲ್ಲ. ಮನುಷ್ಯ ಒಳ್ಳೆಯವನಾಗುವ ತನಕ ಮಕ್ಕಳು ಕಪಾಟಿನಲ್ಲಿ ಕುಳಿತು ಕಾಯಬೇಕೇ? ನನಗೆ ಒಳ್ಳೆಯವನಾಗಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಪೊಲೀಸರಿಗೆ ಕೊಟ್ಟ ಪಿಸ್ತೂಲು ಕುಲುಮೆಯಲ್ಲಿ ಎಂದೋ ಕರಗಿ ಹೋಗಿತ್ತು. ಅದೇ ಸರಿಯಾದ ಕ್ರಮ.

ಫೋನು ಇಡುವ ಮುಂಚೆ ಕೃತಿಯನ್ನು ಒಂದು ಮಾತು ಕೇಳಿದೆ. ಕೇಳಬಾರದಿತ್ತೇನೋ. "ಮೂರನೇ ಸಲವೂ ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಏನು ಮಾಡ್ತೀ ಮಗಳೇ?"

ಹುಡುಗಿ ಒಂದು ಕ್ಷಣವೂ ಯೋಚಿಸಲಿಲ್ಲ. "ಮಾರ್ಚಲ್ಲಿ ನಂಗೆ ಎಯ್ಟೀನ್ ಆಗುತ್ತೆ ಅಜ್ಜ" ಎಂದಳು. "ಆ ಕಪಾಟಲ್ಲಿದ್ದ ಎಲ್ರಿಗೂ ನೆಕ್ಸ್ಟ್ ಎಲೆಕ್ಷನ್ ಒಳಗೆ ಎಯ್ಟೀನ್ ಆಗುತ್ತೆ. ನಾವು ಎಂಟೂ ಜನ ಲೆಕ್ಕ ಹಾಕಿದೀವಿ."

ಶಾಲು ಹೊದಿಸಿದ ಕೈಗಳಿಗೆ, ಸಹಿ ಹಾಕದೆ ತುಪ್ಪ ತಪ್ಪಿಸಿಕೊಂಡವರಿಗೆ, ಹಾಕಿ ತಿಂದವರಿಗೆ, ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮಗೆಲ್ಲ ನನ್ನ ಧನ್ಯವಾದಗಳು. ನಮಸ್ಕಾರ.