ಭಾಷಣ ಮುಗಿದರೆ ಕುಣಿಯಬೇಕು

ವೇದಿಕೆಯ ನಡುವೆ ಕುಳಿತು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಮಾನ್ಯ ಅಧ್ಯಕ್ಷರೇ, ಅವರ ಪಕ್ಕದ ಮುಖ್ಯ ಅತಿಥಿಗಳೇ, ನನ್ನನ್ನು ಬೀಳ್ಕೊಡಲು ಅನುಮಾನ ಬರುವಷ್ಟು ಉತ್ಸಾಹದಿಂದ ಬಂದಿರುವ ಸಹೋದ್ಯೋಗಿಗಳೇ, ಪೋಷಕರೇ, ಸಭಿಕರೇ, ಮತ್ತು ನೆಲದ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಮಕ್ಕಳೇ,

ನಾನು ಇವತ್ತು ದೀರ್ಘವಾಗಿ ಮಾತನಾಡುತ್ತೇನೆ. ಕಾರಣ ಮಕ್ಕಳಿಗೆ ಗೊತ್ತು, ಹಿರಿಯರಿಗೂ ತಿಳಿಯಲಿ. ಈ ಮಕ್ಕಳ ಕಲಾಕೇಂದ್ರದಲ್ಲಿ ಒಂದು ನಿಯಮವಿದೆ. ಭಾಷಣ ಮಾಡಿದ ಅತಿಥಿ, ಮಾತು ಮುಗಿದ ಮೇಲೆ, ಮಕ್ಕಳು ಕೇಳಿದ್ದನ್ನು ಮಾಡಿ ತೋರಿಸಬೇಕು. ನಿಯಮ ಮಾಡಿದ ಮಹಾತಾಯಿ ನಾನೇ. ಭಾಷಣಗಳು ಚಿಕ್ಕವಾಗಲಿ ಎಂದು ಮಾಡಿದೆ. ಆಗಲಿಲ್ಲ, ಮುಂದಿರುವ ಗಂಡಾಂತರ ನೆನೆದು ಎಲ್ಲರೂ ಇನ್ನಷ್ಟು ಎಳೆದರು. ನಮ್ಮ ಅಧ್ಯಕ್ಷರು ಕಪ್ಪೆಯಾಗಿ ಈ ವೇದಿಕೆಯ ಉದ್ದಗಲಕ್ಕೂ ಕುಪ್ಪಳಿಸಿದ್ದಾರೆ. ಮುಖ ಮುಚ್ಚಿಕೊಳ್ಳಬೇಡಿ ಸಾರ್, ಚೆನ್ನಾಗೇ ಕುಪ್ಪಳಿಸಿದಿರಿ. ಬ್ಯಾಂಕಿನ ಮ್ಯಾನೇಜರು ಕೋಳಿಯ ಹಾಗೆ ಕೂಗಿದ್ದಾರೆ. ಆಗೆಲ್ಲ ನಾನು ಪರದೆಯ ಮರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇವತ್ತು ಅತಿಥಿ ನಾನು. ಮಕ್ಕಳು ಕೇಳಿರುವುದು ಕಪ್ಪೆಯನ್ನಲ್ಲ, ಕೋಳಿಯನ್ನೂ ಅಲ್ಲ. ನಾನು ಕುಣಿಯಬೇಕಂತೆ. ಹಿಂದೊಮ್ಮೆ ಅರ್ಧಕ್ಕೆ ಬಿಟ್ಟ ನೃತ್ಯವನ್ನು ಪೂರ್ತಿ ಮಾಡಬೇಕಂತೆ. ಆದ್ದರಿಂದ, ಸಭಿಕರೇ, ಆರಾಮಾಗಿ ಒರಗಿ ಕೂತುಕೊಳ್ಳಿ.

ಈಗ ತಾನೆ ನನ್ನನ್ನು ಪರಿಚಯಿಸಿದವರು, "ಮಂಡಿನೋವಿನಿಂದಾಗಿ ನೃತ್ಯರಂಗ ಒಬ್ಬ ಶ್ರೇಷ್ಠ ಕಲಾವಿದೆಯನ್ನು ಕಳೆದುಕೊಂಡಿತು" ಎಂದರು. ನನ್ನ ಮಂಡಿಗಳು ಗುಂಡುಕಲ್ಲಿನ ಹಾಗಿವೆ. ಈ ಕಟ್ಟಡದ ಲಿಫ್ಟ್ ಕೆಟ್ಟಾಗಲೆಲ್ಲ, ಅಂದರೆ ಯಾವಾಗಲೂ, ನನ್ನನ್ನು ಮೇಲಿನ ಮಹಡಿಗೆ ಹೊತ್ತೊಯ್ಯುವುದು ಅವೇ. ಮಂಡಿಯ ಕಥೆ ಕಟ್ಟಿದ್ದು ನಮ್ಮಮ್ಮ. "ಯಾರಾದ್ರೂ ಕೇಳಿದ್ರೆ ಮಂಡಿ ಅಂದ್ಬಿಡೇ. ಮಂಡಿ ಅಂದ್ರೆ ಸ್ವಲ್ಪ ಮರ್ಯಾದೆ ಇರುತ್ತೆ" ಅಂದಳು.

ನಡೆದದ್ದು ಇಷ್ಟೇ. ಅದು ನಾನು ಒಬ್ಬಳೇ ಕುಣಿದ ಮೊದಲ ಪ್ರದರ್ಶನ. ಪಾತ್ರ ಒಬ್ಬ ತಾಯಿಯದು. ದೋಣಿ ಹತ್ತಿ ಹೋದ ಮಗನಿಗಾಗಿ ಬಾಗಿಲಲ್ಲಿ ಕಾಯುತ್ತಾಳೆ. ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ತುಂಬಿಕೊಂಡು, ದೂರಕ್ಕೆ ದೃಷ್ಟಿ ಹಾಯಿಸಬೇಕು. ಹಾಯಿಸಿದೆ. ಕಂಡದ್ದೇನು? ತಡವಾಗಿ ಬಂದ ಗಂಡಹೆಂಡತಿ, ಕತ್ತಲಲ್ಲಿ ಜಾಗ ಸಿಗದೆ, ಒಬ್ಬರ ಕಾಲು ತುಳಿದು ಇನ್ನೊಬ್ಬರ ತೊಡೆಯ ಮೇಲೆ ಬೀಳುತ್ತಿದ್ದಾರೆ. ಬಲಗಡೆ ಕುರ್ಚಿಗಳು ಖಾಲಿ ಇವೆ. ನನಗೆ ಕಾಣುತ್ತಿದೆ, ಅವರಿಗೆ ಕಾಣುತ್ತಿಲ್ಲ. ನೀವೇ ಹೇಳಿ, ಸುಮ್ಮನಿರುವುದಕ್ಕೆ ಆಗುತ್ತದೆಯೇ? ಆ ತಾಯಿಯ ಕೈ ಹಣೆಯಿಂದ ಇಳಿದು, "ಆ ಕಡೆ, ಆ ಕಡೆ ಹೋಗಿ" ಎಂದು ತೋರಿಸಿಬಿಟ್ಟಿತು. ಅವರು ಹೋಗಿ ಕೂತರು. ಕೂತದ್ದು ಸಾಲದೆಂದು ಆ ಯಜಮಾನರು ಮತ್ತೆ ಎದ್ದು, ಜೋರಾಗಿ, "ಥ್ಯಾಂಕ್ಸಮ್ಮಾ!" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಹೆಜ್ಜೆ ನನಗೆ ಬರಲಿಲ್ಲ. ಪರದೆ ಇಳಿಸಿದರು.

"ನೀನು ನರ್ತಕಿ ಅಲ್ಲಮ್ಮ, ಗೇಟ್ ಕಾಯೋಳು" ಅಂದರು ನನ್ನ ಗುರುಗಳು. ಸಿಟ್ಟಿನಲ್ಲಿ ಅಂದ ಮಾತು. ನಾನದನ್ನು ಉದ್ಯೋಗ ಸಲಹೆ ಎಂದು ತಿಳಿದು, ಅದೇ ಸಭಾಂಗಣದ ಕಚೇರಿಗೆ ಸೇರಿದೆ. ಕುರ್ಚಿ ಹಾಕಿಸಿದೆ, ದೀಪ ಸರಿಮಾಡಿಸಿದೆ, ಮುನಿಸಿಕೊಂಡ ಗಾಯಕರಿಗೆ ಬಿಸಿನೀರು ಕೊಟ್ಟು ಪುಸಲಾಯಿಸಿದೆ. ಆಮೇಲೆ ಯಾರಿಗೂ ಬೇಡವಾಗಿದ್ದ ಮಕ್ಕಳ ವಿಭಾಗವನ್ನು, ಅಂದರೆ ಇವತ್ತಿನ ಈ ಕಲಾಕೇಂದ್ರವನ್ನು, ನನ್ನ ತಲೆಗೆ ಕಟ್ಟಿದರು. ಬೊಂಬೆಯಾಟ, ಕಥೆ, ಹಾಡು, ಬಣ್ಣ ಮತ್ತು ವಾಂತಿ. ನಾಟಕದ ತಂಡವನ್ನು ಬಸ್ಸಿನಲ್ಲಿ ಕರೆದೊಯ್ದವರಿಗೆ ಈ ಕೊನೆಯ ಕಲೆಯ ಪರಿಚಯ ಇದ್ದೇ ಇರುತ್ತದೆ. ಈ ಕೆಲಸವನ್ನು ನಾನು ತುಂಬ ಪ್ರೀತಿಸಿದೆ. ಇದು ತಮಾಷೆಯ ಮಾತಲ್ಲ. ಹೆದರಿದ ಮಕ್ಕಳನ್ನೆಲ್ಲ ಬೆನ್ನು ತಟ್ಟಿ ಬೆಳಕಿಗೆ ತಳ್ಳಿದೆ. ನಾನು ಮಾತ್ರ ಪರದೆಯ ಅಂಚು ದಾಟಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ಮಂಡಿ ಇತ್ತಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ನಾನು ಕನ್ನಡಕ ತಂದಿಲ್ಲ, ಸಾರ್.

ಈ ಥ್ಯಾಂಕ್ಸಮ್ಮನ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಅಭಿನಯಿಸಿ ತೋರಿಸಿದ್ದೇನೆ. ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ, ನಾನೇ ಮೊದಲು ನಕ್ಕುಬಿಟ್ಟರೆ ಬೇರೆಯವರ ನಗು ಅಷ್ಟು ಚುಚ್ಚುವುದಿಲ್ಲ. ಹೋದ ವಾರ ಒಬ್ಬಳು ಮಾತ್ರ ನಗಲಿಲ್ಲ. ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ.

"ಮಿಸ್, ಆಮೇಲೆ ಆ ಅಮ್ಮ ಏನ್ಮಾಡಿದ್ಳು?"

"ಯಾವ ಅಮ್ಮನೇ?"

"ದೋಣಿ ಕಾಯ್ತಿದ್ಳಲ್ಲ, ಆ ಅಮ್ಮ. ಮಗ ಬಂದ್ನಾ?"

"ಕೊನೇಲಿ ಬರ್ತಾನೆ ಪುಟ್ಟಾ. ನಾನು ಅಲ್ಲೀತನಕ ಹೋಗ್ಲೇ ಇಲ್ಲ."

"ಅಯ್ಯೋ! ಹಂಗಾದ್ರೆ ಅವಳು ಇನ್ನೂ ಅಲ್ಲೇ ನಿಂತಿದಾಳಾ?"

ಸಭಿಕರೇ, ಇಷ್ಟು ವರ್ಷ ಅವತ್ತು ನನಗಾದ ಅವಮಾನವನ್ನೇ ಸಾಕಿಕೊಂಡು ಬಂದೆ. ಬಾಗಿಲಲ್ಲಿ ನಿಲ್ಲಿಸಿ ಬಂದವಳ ನೆನಪು ಒಂದು ಸಲವೂ ಆಗಿರಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಸೊಂಟ ಬಗ್ಗುವುದಿಲ್ಲ, ತಾಳ ತಪ್ಪುತ್ತದೆ, ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಕೊನೆಯ ಭಾಗ ಜ್ಞಾಪಕವಿದೆಯೇ ಎಂದು ಇವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ನೋಡಿದೆ. ಇದೆ. ಮಗ ಬರುತ್ತಾನೆ. ಅವಳು ಮೊದಲು ಚೆನ್ನಾಗಿ ಬೈಯುತ್ತಾಳೆ, ಆಮೇಲೆ ತಬ್ಬಿಕೊಳ್ಳುತ್ತಾಳೆ.

ನನ್ನನ್ನು ಸಹಿಸಿಕೊಂಡ ಈ ಸಂಸ್ಥೆಗೆ, ಸಹೋದ್ಯೋಗಿಗಳಿಗೆ, ಇಷ್ಟು ಹೊತ್ತು ಆಕಳಿಸದೆ ಕೂತ ನಿಮಗೆಲ್ಲ ನನ್ನ ಧನ್ಯವಾದಗಳು. ಹೇಳುವುದು ಇನ್ನೂ ಬೇಕಾದಷ್ಟಿತ್ತು. ಆದರೆ ಅವಳನ್ನು ಇನ್ನೂ ಕಾಯಿಸುವುದು ಸರಿಯಲ್ಲ. ಪುಟ್ಟಾ, ಬಾ, ಈ ಮೈಕ್ ಹಿಡ್ಕೋ. ಎಲ್ಲರಿಗೂ ನಮಸ್ಕಾರ.