ಬರೇ ಫ್ರ್ಯಾಕ್ಚರ್

ರಾಯಚೂರಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕೋಣೆಯ ಮುಂದೆ ಕೂತಿದ್ದ ಮಿನಾಜ್ ತನ್ನ ಕಾಲುನೋವು ಮರೆತು ಪಕ್ಕದ ತಾಯಿ-ಮಗನ ಮಾತಿಗೆ ಕಿವಿಗೊಟ್ಟಳು. ತಾಯಿಯ ಮಣಿಕಟ್ಟು ಊದಿ ಸೊಟ್ಟಗಾಗಿತ್ತು.

“ದೇವದುರ್ಗದಾಗ ಎಕ್ಸ್‌ರೇ ತೆಗೆದಾಂವ ಏನಂದಿದ್ದಲೇ ಸಂಜೀವ?”

“ಫ್ರ್ಯಾಕ್ಚರ್ ಅಂದಿದ್ದ.”

“ನೀ ನನಗೇನ್ ಹೇಳಿದಿ?”

“ಮುರಿದಿಲ್ಲ ಯವ್ವಾ, ಬರೇ ಫ್ರ್ಯಾಕ್ಚರ್ ಅಂದೆ.”

“ಈ ಡಾಕ್ಟರ್ ಏನಂದ್ರು?”

“ಎರಡೂ ಒಂದೇ ಅಂತ. ಎಲುಬು ಸೊಟ್ಟ ಕೂಡಾಕತ್ತದಂತ. ಎಳೆದು ಸರಿ ಮಾಡಿ ಪ್ಲಾಸ್ಟರ್ ಹಾಕ್ತಾರಂತ.”

“ಅವತ್ತು ಕೇಳಾಕ ನಿನ್ನ ಬಾಯಿಗೇನಾಗಿತ್ತು? ಇದೇ ಕೈಲೆ ದಿನಾ ನಿಮಗೆಲ್ಲ ರೊಟ್ಟಿ ಬಡಿದೀನಿ.”

“ನೀನೂ ನೋವಂತ ಹೇಳಲಿಲ್ಲ.”

“ಹೇಳಿದ್ದೆ. ನೀ ರೊಟ್ಟಿ ದಪ್ಪ ಆಗ್ಯಾವ ಅಂದಿ.”

ಒಳಗಿನಿಂದ ಗೋಪಮ್ಮ ಎಂದು ಕೂಗಿದರು. ಮಗ ಹಿಡಿದುಕೊಳ್ಳಲು ಕೈ ಚಾಚಿದ. ತಾಯಿ ಆ ಕೈಯನ್ನು ದಾಟಿ ಒಬ್ಬಳೇ ಒಳಗೆ ಹೋದಳು.