ಐದು ಬಚ್ಚಲುಮನೆಗಳ ಕೀಲಿ

ಹೆಸರು ಮೇಲಿನ ಕಾಲಮ್ಮಿನಲ್ಲಿ ಬರೆದಂತೆ, ವಯಸ್ಸು ನಲವತ್ತಾರು, ಕಸುಬು ಮನೆಯ ಮುಂಗೋಣೆಯಲ್ಲಿ ಹೊಲಿಗೆ, ವಾಸ ಬೇಕರಿ ರಸ್ತೆಯ ಕೊನೆಯಿಂದ ಎರಡನೇ ಮನೆ. ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನಾನು ದೂರುತ್ತಿರುವ ಮನೆ ರಿಪೇರಿ ಕಂಟ್ರಾಕ್ಟರನ ಸುದ್ದಿಯನ್ನು ನನಗೆ ಮೊದಲು ಹೇಳಿದವರು ನಮ್ಮ ರಸ್ತೆಯಲ್ಲಿ ಬೇಕರಿ ನಡೆಸುವ ಬೇಕರಿಯಕ್ಕ, ಮಾರ್ಚ್ ನಾಲ್ಕರಂದು ಬೆಳಿಗ್ಗೆ 10.20ಕ್ಕೆ. ನಮ್ಮ ಬಚ್ಚಲುಮನೆಯ ಗೋಡೆ ಸೋರುತ್ತಿತ್ತು, ನಂಬಿಕಸ್ಥ ಕೆಲಸಗಾರ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೆ. ಕಣ್ಣು ಮುಚ್ಚಿಕೊಂಡು ಮನೆ ಒಪ್ಪಿಸು ಎಂದರು. ಒಳಗೆ ಕರೆದು ಅವನು ಮಾಡಿದ ಅಡುಗೆಮನೆ ಗೋಡೆ ತೋರಿಸಿದರು. ಕನ್ನಡಿಯ ಹಾಗಿತ್ತು. ಎದುರಿನ ಬಚ್ಚಲುಮನೆಗೆ ಬೀಗ ಹಾಕಿತ್ತು. ಅದನ್ನೂ ನೋಡುತ್ತೇನೆ ಎಂದಾಗ ಕೀಲಿ ಎಲ್ಲಿಟ್ಟೆನೋ ಕಾಣೆ ಎಂದರು. ಹುಳಿ ವಾಸನೆ ಬರುತ್ತಿತ್ತು. ಬ್ರೆಡ್ಡಿನ ಹಿಟ್ಟಿರಬೇಕು ಎಂದುಕೊಂಡೆ.

ಒಂಬತ್ತನೇ ತಾರೀಕು ಅವನು ಬಂದ. ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿ ನೋಡಿದ. ನನ್ನ ಅತ್ತೆ, ವಯಸ್ಸು ಎಪ್ಪತ್ತೆಂಟು, "ಎಷ್ಟು ತಿಂಗಳಾಯ್ತು ಅಂತ ಹೇಳ್ತಾನೇನೋ" ಎಂದರು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಮೂರು ದಿನದಲ್ಲಿ ಬಚ್ಚಲುಮನೆಯನ್ನೆಲ್ಲ ಒಡೆಸಿ, ಬಾಗಿಲಿನ ಹೊರಗಿನ ಗೋಡೆಯೊಂದಕ್ಕೆ ಮಾತ್ರ ಬಿಳಿ ಟೈಲ್ಸ್ ಹಾಕಿಸಿದ. ಆಮೇಲೆ ಬರಲಿಲ್ಲ. ಕಮೋಡು ಅಂಗಳದಲ್ಲಿ ಬಿದ್ದಿತ್ತು. ಪೈಪಿನ ಬಾಯಿಗೆ ಅವನ ಆಳುಗಳು ನನ್ನ ಗಿರಾಕಿಯೊಬ್ಬರ ರವಿಕೆಯ ಬಟ್ಟೆ ತುರುಕಿದ್ದರು. ಅಂದಿನಿಂದ ಅತ್ತೆ ಪಕ್ಕದ ಮನೆಯ ಬಚ್ಚಲಿಗೆ ಹೋಗುತ್ತಾರೆ. ಅವರ ನಡಿಗೆಯಲ್ಲಿ ನೂರ ನಲವತ್ತು ಹೆಜ್ಜೆ. ಸಂಜೆ ನಾಲ್ಕರ ನಂತರ ಅವರು ನೀರು ಕುಡಿಯುವುದಿಲ್ಲ.

ಏಪ್ರಿಲ್ ಎರಡರಂದು 11 ಗಂಟೆಗೆ ಅವನು ನಿವೃತ್ತ ನರ್ಸಮ್ಮ ಒಬ್ಬರನ್ನು ಬಿಳಿ ಗೋಡೆ ತೋರಿಸಲು ಕರೆತಂದ. ನನ್ನನ್ನು ಹೊಲಿಗೆ ಯಂತ್ರದ ಹಿಂದಕ್ಕೆ ಕರೆದು, "ಅಕ್ಕಾ, ಎರಡು ಒಳ್ಳೇ ಮಾತು ಹೇಳ್ಬಿಡಿ, ನಾಳೆ ಬೆಳಿಗ್ಗೆನೇ ಜನ ಕಳಿಸ್ತೀನಿ" ಎಂದ. ನಾನು ಬಚ್ಚಲುಮನೆಗೆ ಬೀಗ ಹಾಕಿ ಬಂದೆ. ನರ್ಸಮ್ಮ ಕೇಳಿದ್ದು ಒಂದೇ ಪ್ರಶ್ನೆ, ಹಿಡಿದ ಕೆಲಸ ಮುಗಿಸುತ್ತಾನೆಯೇ ಎಂದು. ಮುಗಿಸುತ್ತಾನೆ ಎಂದೆ. ಬಚ್ಚಲು ನೋಡಬಹುದೇ ಎಂದರು. ಕೀಲಿ ಎಲ್ಲಿಟ್ಟೆನೋ ಕಾಣೆ ಎಂದೆ. ಆ ಮಾತು ನನ್ನ ಬಾಯಿಂದ ಬಂದಾಗಲೇ ಬೇಕರಿಯ ಆ ವಾಸನೆ ಹಿಟ್ಟಿನದಲ್ಲ, ಬೀಗ ಹಾಕಿದ ಬಚ್ಚಲಿನದು ಎಂದು ತಿಳಿಯಿತು. ಆದರೂ ಹೇಳಿದ ಮಾತನ್ನು ತಿದ್ದಲಿಲ್ಲ. ಮರುದಿನ ಯಾರೂ ಬರಲಿಲ್ಲ.

ನಿನ್ನೆ, ಏಪ್ರಿಲ್ 28ರಂದು, ಮಧ್ಯಾಹ್ನ 3.15ಕ್ಕೆ ನರ್ಸಮ್ಮ ಮತ್ತೆ ಬಂದರು. ಬಲಗೈ ಪಟ್ಟಿಯಲ್ಲಿತ್ತು. ಅವನು ಕೂರಿಸಿದ ಕಲ್ಲಿನ ಶೆಲ್ಫ್ ಐದನೇ ದಿನವೇ ಕಳಚಿ ಮಣಿಕಟ್ಟಿನ ಮೇಲೆ ಬಿದ್ದಿತ್ತು. ನನ್ನನ್ನು ಬೈಯಲಿಲ್ಲ. ಬಚ್ಚಲಿಗೆ ಹೋಗಬೇಕಿತ್ತು, ಇವತ್ತಾದರೂ ಕೀಲಿ ಸಿಗುತ್ತದೆಯೇ ಎಂದು ಕೇಳಿದರು. ಕೀಲಿ ನನ್ನ ಸೆರಗಿನ ತುದಿಯಲ್ಲೇ ಇತ್ತು. ಬಾಗಿಲು ತೆಗೆದೆ. ಅವರು ಗುಂಡಿಯನ್ನೂ ರವಿಕೆ ಬಟ್ಟೆಯನ್ನೂ ನೋಡಿ, ಇದನ್ನು ಆವತ್ತೇ ತೋರಿಸಬಾರದಿತ್ತೇ ಎಂದರು. ಅತ್ತೆ ಒಳಗಿನಿಂದ, "ತೋರಿಸಿದ್ರೆ ಅವನು ಬರಲ್ಲ ಅಂತ ಹೆದರಿದ್ಲು. ತೋರಿಸದೆಯೂ ಬರಲಿಲ್ಲ, ನಿಮ್ಮ ಕೈ ಹೋಯ್ತು" ಎಂದರು.

ಸಂಜೆ 5 ಗಂಟೆಗೆ ನಾನು ಬೇಕರಿಗೆ ಹೋಗಿ, ಅಲ್ಲಿದ್ದ ಗಿರಾಕಿಗಳೆದುರು ಇದನ್ನೆಲ್ಲ ಹೇಳಿದೆ. ಬೇಕರಿಯಕ್ಕ ಗಾಜಿನ ಪೆಟ್ಟಿಗೆ ಒರೆಸುತ್ತಲೇ ಇದ್ದರು. ಗಿರಾಕಿಗಳಲ್ಲಿ ಮೂವರು ತಲೆ ತಗ್ಗಿಸಿದರು. ಅವರ ಮನೆಗಳಲ್ಲೂ ಅವನು ಮಾಡಿದ ಒಂದೊಂದು ಬಿಳಿ ಗೋಡೆ, ಬೀಗ ಹಾಕಿದ ಒಂದೊಂದು ಬಚ್ಚಲು ಇರುವುದು ಆಗ ತಿಳಿಯಿತು.

ಇಂದು ಬೆಳಿಗ್ಗೆ 7.30ಕ್ಕೆ ಆ ನಾಲ್ವರೂ ತಂತಮ್ಮ ಬಚ್ಚಲುಮನೆಯ ಬೀಗ ತೆಗೆದು, ಬೀದಿಯವರನ್ನು ಕರೆದು ತೋರಿಸಿದರು. ಬೇಕರಿಯಕ್ಕ ಮೂಗಿಗೆ ಸೆರಗು ಹಿಡಿದು ಎಲ್ಲರಿಗಿಂತ ಮೊದಲು ತೆಗೆದರು. 8.40ಕ್ಕೆ ನಾವೆಲ್ಲ ಠಾಣೆಗೆ ಬಂದು ಮೇಜಿನ ಮೇಲೆ ಐದು ಕೀಲಿ ಇಟ್ಟಿದ್ದೇವೆ.

ನರ್ಸಮ್ಮನಿಗೆ ನಾನು ಹೇಳಿದ ಸುಳ್ಳನ್ನು ಬಿಟ್ಟು ಬರೆಯೋಣವೇ ಎಂದು ಇದನ್ನು ಬರೆದುಕೊಳ್ಳುತ್ತಿರುವ ಪೇದೆಯವರು ಕೇಳಿದರು. ಬೇಡ ಎಂದೆ. ಅದೂ ಸೇರಿದಂತೆ ಮೇಲಿನದೆಲ್ಲವೂ ನಡೆದದ್ದೇ. ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಸ್ಥಳ: ಠಾಣೆ
ದಿನಾಂಕ: ಏಪ್ರಿಲ್ 29
(ಸಹಿ) ಹೊಲಿಗೆಯವಳು